ಹುಳು ಮನೆಯಲ್ಲಿ ಇಟ್ಟ ಕೆಂಪು ಶೀಸೆಗಳು

ನಾನು ಕಳಿಸಿದ್ದು ನಾಲ್ಕು ಸಾಲಿನ ಸುದ್ದಿ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಚರಕಗಳ ಹಿಂದೆ ಒಂದು ಹೊಂಡವಿದೆ. ಗೂಡು ಬೇಯಿಸಿದ ನೀರು ಅಲ್ಲಿಗೆ ಹೋಗಿ ನಿಲ್ಲುತ್ತದೆ. ಆ ನೀರು ಈಗ ಗುಲಾಬಿ ಬಣ್ಣಕ್ಕೆ ತಿರುಗಿದೆ. ನಾತಕ್ಕೆ ಅಕ್ಕಪಕ್ಕದವರು ಬೇಸತ್ತಿದ್ದಾರೆ, ಪುರಸಭೆ ಗಮನಿಸಬೇಕು. ಇಷ್ಟೇ. ಬೆಂಗಳೂರಿನ ಡೆಸ್ಕಿನಲ್ಲಿ ಕೂತವರು ಇದಕ್ಕೆ ಕೊಟ್ಟ ತಲೆಬರಹ, 'ರಕ್ತವರ್ಣಕ್ಕೆ ತಿರುಗಿದ ಹೊಂಡ: ಜನರಲ್ಲಿ ಭೀತಿ.' ಭೀತಿ ಎಂಬ ಪದವನ್ನು ನಾನು ಬರೆದಿರಲಿಲ್ಲ. ಅಲ್ಲಿ ಯಾರಿಗೂ ಭೀತಿಯಾಗಿರಲಿಲ್ಲ. ಜನ ಮೂಗು ಮುಚ್ಚಿಕೊಂಡಿದ್ದರು, ಅಷ್ಟೆ.

ಅರವತ್ತರ ದಶಕದ ನಡುವಿನ ಮಾತು. ಚಿಕ್ಕಬಳ್ಳಾಪುರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಸುತ್ತಲಿನ ನಾಲ್ಕು ತಾಲ್ಲೂಕುಗಳ ಸುದ್ದಿಯನ್ನು ಒಂದು ದಿನಪತ್ರಿಕೆಗೆ ಕಳಿಸುತ್ತಿದ್ದೆ. ಬೆಳಿಗ್ಗೆ ಬಸ್ಸು ಹತ್ತಿ ಹೋಗುವುದು, ಕೇಳುವುದು, ಬರೆಯುವುದು, ಸಂಜೆಯ ರೈಲಿಗೆ ಕವರು ಹಾಕುವುದು. ಮಿಕ್ಕದ್ದೆಲ್ಲ ಡೆಸ್ಕಿನವರ ಕೈಯಲ್ಲಿ.

ತಲೆಬರಹದ ಪರಿಣಾಮವನ್ನು ಕಾಯಬೇಕಾಗಲಿಲ್ಲ. ಆರೋಗ್ಯ ಇಲಾಖೆಯವರು ಬ್ಲೀಚಿಂಗ್ ಪೌಡರಿನ ಮೂಟೆಗಳನ್ನು ತಂದು ಹೊಂಡಕ್ಕೆ ಸುರಿದರು. ಗುಲಾಬಿ ಬಣ್ಣ ಹೋಯಿತು. ನಾತ ಹಾಗೇ ಉಳಿಯಿತು. ಹೊಂಡದ ಪಕ್ಕದಲ್ಲೇ ಚರಕಗಳನ್ನು ಇಟ್ಟುಕೊಂಡಿದ್ದ ಸಾಹೇಬರು, ನನಗೆ ಪರಿಚಯದವರು, ಮರುವಾರ ನಾನು ಹೋದಾಗ ಪತ್ರಿಕೆಯನ್ನು ಮಡಚಿ ಇಟ್ಟುಕೊಂಡೇ ಕೂತಿದ್ದರು.

"ಭೀತಿ ಯಾರಿಗಾಯ್ತು ಸ್ವಾಮಿ?" ಎಂದರು. "ನಮ್ಗೆ ಒಂದು ಮಾತು ಹೇಳ್ಬಾರ್ದಿತ್ತಾ, ನಾವೂ ಸ್ವಲ್ಪ ಭಯ ಪಟ್ಕೊಂತಿದ್ವಿ."

ನಾನು ಡೆಸ್ಕಿನವರ ಕಡೆಯಿಂದ ಮಾತಾಡಲು ಹೋಗಲಿಲ್ಲ. ನನ್ನ ಚಿಂತೆ ಬೇರೆಯಿತ್ತು. ಆ ಹೊಂಡದ ಬಣ್ಣ ನನ್ನ ತಂಗಿಗೆ ಬೇಕಾಗಿತ್ತು.

ತಂಗಿ ಬೆಂಗಳೂರಿನ ಒಂದು ಕಾಲೇಜಿನಲ್ಲಿ ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ಸೇರಿದ್ದಳು. ಅವಳ ಪ್ರೊಫೆಸರು ಬೆಳಕು ತಿಂದು ಬದುಕುವ ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡುವವರು. ಎಲ್ಲಾದರೂ ನಿಂತ ನೀರು ಕೆಂಪಾಗಿದ್ದರೆ ಒಂದು ಶೀಸೆ ತುಂಬಿಕೊಂಡು ಬಾ ಎಂದು ಅವಳು ನನಗೆ ಹೇಳಿಟ್ಟಿದ್ದಳು. ಪುಣ್ಯಕ್ಕೆ ಸುದ್ದಿ ಬರೆಯಲು ಹೋದ ದಿನವೇ ತುಂಬಿಕೊಂಡಿದ್ದೆ. ಸಾಹೇಬರು ಆಗಲೂ ಬಿಟ್ಟಿರಲಿಲ್ಲ.

"ಈ ನೀರನ್ನ ಪೇಪರ್‌ನಲ್ಲೂ ಹಾಕ್ತೀರಿ, ಶೀಸೆಯಲ್ಲೂ ತುಂಬ್ಕೊಂತೀರಿ. ಯಾರಿಗೆ ಸ್ವಾಮಿ ಇದು?"

"ನನ್ನ ತಂಗಿಗೆ."

"ತಂಗಿಗೆ ಹಬ್ಬಕ್ಕೆ ಸೀರೆ ಕೊಡ್ತಾರೆ ಅಂತ ಕೇಳಿದ್ದೆ."

ಆ ಒಂದು ಶೀಸೆಯಿಂದ ಅವಳು ತಿಂಗಳುಗಟ್ಟಲೆ ಕೂತು ಒಂದೇ ಒಂದು ಜಾತಿಯ ಬ್ಯಾಕ್ಟೀರಿಯಾವನ್ನು ಬೇರೆ ಮಾಡಿಕೊಂಡಿದ್ದಳು. ಅಷ್ಟರಲ್ಲಿ ಹೊಂಡದಲ್ಲಿ ಬಿಳಿಯ ಪುಡಿಯ ಕೆನೆ ಕಟ್ಟಿತ್ತು. ಅವಳ ಹತ್ತಿರ ಇದ್ದದ್ದು ಹೋದರೆ ಮತ್ತೆ ತರಲು ಹೊಂಡವೇ ಇರಲಿಲ್ಲ.

ಅವಳ ಕೆಲಸವೇನೆಂದು ನಾನು ಬಹಳ ಸಲ ಕೇಳಿದ್ದೇನೆ. ಪ್ರತಿ ಸಲ ನಾಲ್ಕು ಸಾಲಿನಲ್ಲಿ ಹೇಳು ಎನ್ನುತ್ತಿದ್ದೆ. ಪ್ರತಿ ಸಲವೂ ಅವಳು ನಲವತ್ತು ಸಾಲು ಹೇಳುತ್ತಿದ್ದಳು. ಒಂದು ಭಾನುವಾರ ನನ್ನ ಕೋಣೆಯಲ್ಲಿ ಕಾಫಿ ಕುಡಿಯುತ್ತ, ಪತ್ರಿಕೆಯವರಿಗೆ ತಿಳಿಯುವ ಹಾಗೆ ಹೇಳಿದಳು.

"ಗಿಡಕ್ಕೆ ಬೆಳಕು ಹೇಗೋ ಇದಕ್ಕೂ ಹಾಗೆ. ಆದ್ರೆ ಗಾಳಿ ಸೋಕದೆ ಇರೋ ಕಡೆ ಬೆಳಕು ತಿನ್ನುತ್ತೆ. ಅದರ ಮೈಗೆ ಒಂದು ತೆಳು ಪೊರೆ ಇರುತ್ತೆ ಅಣ್ಣ. ಆ ಪೊರೇಲಿ ಪ್ರೋಟೀನೂ ಇದೆ, ಕೊಬ್ಬೂ ಇದೆ. ಬೆಳಕು ಹಿಡಿಯೋ ಬಣ್ಣ ಇರೋದು ಅದರಲ್ಲೇ. ಬೆಳಕು ಕಮ್ಮಿ ಆಯ್ತು ಅನ್ನು, ಆ ಪೊರೆ ಮೈಯೊಳಕ್ಕೆ ಮಡಚಿಕೊಂಡು ಮಡಚಿಕೊಂಡು ಬೆಳೆಯುತ್ತೆ. ಬಣ್ಣ ಕೂರಿಸಕ್ಕೆ ಜಾಗ ಬೇಕಲ್ಲ, ಅದಕ್ಕೆ."

"ಸರಿ. ಇದು ನೀನು ಕಂಡುಹಿಡಿದಿದ್ದಾ?"

"ಅಲ್ಲ. ಇಷ್ಟು ಬೇರೆಯವರು ನೋಡಿದಾರೆ. ಪೊರೆ ಬೆಳೆದಾಗ ಅದರ ಕೊಬ್ಬು ಇದ್ದ ಹಾಗೇ ಇರುತ್ತಾ, ಬದಲಾಗುತ್ತಾ? ರಂಜಕ ಇರೋ ಕೊಬ್ಬು ಒಂದು ಥರ, ಇಲ್ಲದ್ದು ಇನ್ನೊಂದು ಥರ. ಯಾವುದು ಹೆಚ್ಚುತ್ತೆ, ಯಾವುದು ಇಳಿಯುತ್ತೆ? ಈ ಶಿಡ್ಲಘಟ್ಟದ ಜಾತೀಲಿ ಏನಾಗುತ್ತೆ ಅನ್ನೋದು ನನ್ನ ಪ್ರಶ್ನೆ."

"ಇದನ್ನ ಮೊದಲೇ ಹೇಳಿದ್ರೆ ನಾಲ್ಕು ಸಾಲಿಗೆ ಬರ್ತಿತ್ತು."

"ಬರ್ತಿತ್ತು. ನಿಮ್ಮ ಡೆಸ್ಕಿನವರು 'ಕೊಬ್ಬಿದ ಕ್ರಿಮಿ: ಜನರಲ್ಲಿ ಭೀತಿ' ಅಂತ ಹಾಕ್ತಿದ್ರು."

ತಮಾಷೆಯ ಮಾತಾಡುತ್ತಿದ್ದರೂ ಅವಳಿಗೆ ಸಮಯವಿರಲಿಲ್ಲ. ಪ್ರಯೋಗಾಲಯದಲ್ಲಿ ಸಂಶೋಧನೆಯವರಿಗೆ ಇದ್ದ ಮೇಜುಗಳು ಕೆಲವೇ. ಜೂನ್‌ನಲ್ಲಿ ಕಾಲೇಜು ತೆರೆದಾಗ ಹೊಸಬರು ಬರುತ್ತಾರೆ. ಅಷ್ಟರೊಳಗೆ ಬೆಳಕಿಗೂ ಕೊಬ್ಬಿಗೂ ಸಂಬಂಧವಿದೆ ಎಂದು ತೋರಿಸಿದರೆ ನಿನ್ನ ಜಾಗ ನಿನ್ನದು, ಇಲ್ಲವಾದರೆ ಬೇರೆಯವರಿಗೆ ಬಿಟ್ಟುಕೊಡು ಎಂದು ಪ್ರೊಫೆಸರು ಹೇಳಿಬಿಟ್ಟಿದ್ದರು. ಇನ್ನೊಂದು ಕಡೆ ಗೌರಿಬಿದನೂರಿನ ತಾಲ್ಲೂಕು ಕಚೇರಿಯಲ್ಲಿದ್ದ ನಮ್ಮ ತಂದೆ, ಅಲ್ಲಿನ ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ಟ್ರೆಸ್ ಹತ್ತಿರ ಮಾತಾಡಿ ಇವಳಿಗೊಂದು ಟೀಚರ್ ಕೆಲಸ ಹಿಡಿದಿಟ್ಟಿದ್ದರು. ಅದೂ ಜೂನ್‌ವರೆಗೆ ಮಾತ್ರ ಕಾಯುವ ಕೆಲಸ. ತಂದೆ ಕೆಟ್ಟವರಲ್ಲ. ಬೇಡವೆಂದೂ ಹೇಳಲಿಲ್ಲ, ಬೇಕೆಂದೂ ಹೇಳಲಿಲ್ಲ. "ನಿಮ್ಮ ಪ್ರೊಫೆಸರು ಏನಂತಾರೋ ನೋಡಣ" ಎಂದಿದ್ದರು. ಅಂದರೆ ಮೇಜು ಹೋದರೆ ಗೌರಿಬಿದನೂರು.

ಹೆಪ್ಪಿನಂತೆ ಬೆರೆಸುವ ಬ್ಯಾಕ್ಟೀರಿಯಾದ ಒಂದೇ ಬೀಜ, ಒಂದೇ ಆಹಾರ, ಒಂದೇ ಶಾಖ. ಬೆಳಕು ಮಾತ್ರ ಬೇರೆ ಬೇರೆ. ಅವಳ ಪ್ರಯೋಗಕ್ಕೆ ಬೇಕಾದ್ದು ಇದು. ಕಾಲೇಜಿನಲ್ಲಿ ದೀಪ ಹಾಕಿದ ಪೆಟ್ಟಿಗೆ ಒಂದೇ ಇತ್ತು. ಅದರಲ್ಲಿ ಹಿರಿಯ ವಿದ್ಯಾರ್ಥಿಯೊಬ್ಬರ ಶೀಸೆಗಳು ಇದ್ದವು. ಹಾಸ್ಟೆಲಿನ ಮಾಳಿಗೆಯ ಮೇಲೆ ಇಟ್ಟಾಗ ವಾರ್ಡನ್ ಎತ್ತಿಸಿದರು. ನನ್ನ ಕೋಣೆಯ ಕಿಟಕಿ ಪಕ್ಕದ ಮನೆಯ ಗೋಡೆಗೆ ತೆರೆಯುತ್ತಿತ್ತು. ಕೊನೆಗೆ ಅವಳಿಗೆ ಹೊಳೆದದ್ದು ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯಲ್ಲಿದ್ದ ನಮ್ಮ ಸೋದರತ್ತೆಯ ಮನೆ.

ಅತ್ತೆಯ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಹುಳು ಮನೆ ಎಂದರೆ ಉದ್ದನೆಯ ಹೆಂಚಿನ ಕೋಣೆ. ದಕ್ಷಿಣಕ್ಕೆ ಒಂದು ದೊಡ್ಡ ಕಿಟಕಿ. ಗೋಡೆಯುದ್ದಕ್ಕೂ ಕಂಬ ನಿಲ್ಲಿಸಿ, ಬಿದಿರಿನ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿರುತ್ತಾರೆ. ಸೆಕೆ ಹೆಚ್ಚಾದರೆ ಹಸಿ ಗೋಣಿ ಕಟ್ಟುವುದು, ಚಳಿಯಾದರೆ ಕೆಂಡದ ಕುಂಡ ಇಡುವುದು, ಅಂತೂ ಒಳಗಿನ ಶಾಖ ಏರುಪೇರಾಗದ ಹಾಗೆ ಅತ್ತೆ ನೋಡಿಕೊಳ್ಳುತ್ತಿದ್ದರು. ಬೆಂಗಳೂರಿನಲ್ಲಿ ಎಲ್ಲೂ ಸಿಗದ ಜಾಗ ಇದು ಎಂದು ತಂಗಿ ಹೇಳಿದಳು. ಕಿಟಕಿಯ ಹತ್ತಿರ ಎರಡು ಶೀಸೆ, ಕೋಣೆಯ ನಡುವೆ ಎರಡು, ಮೂಲೆಯಲ್ಲಿ ಗೋಣಿಯ ಮರೆಗೆ ಎರಡು. ಶಾಖ ಒಂದೇ, ಬೆಳಕು ಮೂರು ಬಗೆ. ಅವಳ ಲೆಕ್ಕಾಚಾರದಲ್ಲಿ ನನಗೂ ತಪ್ಪು ಕಾಣಲಿಲ್ಲ.

ಶೀಸೆಗಳನ್ನು ಕಂಠದವರೆಗೆ ತುಂಬಿ, ಬಿರಡೆ ಹಾಕಿ, ಗಾಳಿ ಹೋಗದಂತೆ ಮೇಣ ಬಳಿದು, ಮರದ ಪೆಟ್ಟಿಗೆಯಲ್ಲಿ ಹುಲ್ಲಿನ ನಡುವೆ ಕೂರಿಸಿಕೊಂಡು ಅವಳು ಚಿಕ್ಕಬಳ್ಳಾಪುರಕ್ಕೆ ಬಂದಳು. ಚಿಂತಾಮಣಿಯ ಬಸ್ಸಿನ ಕಂಡಕ್ಟರು ಪೆಟ್ಟಿಗೆ ತೆಗೆಸಿ ನೋಡಿದರು.

"ಬಣ್ಣ ನೋಡಿದ್ರೆ ಸಾರಾಯಿ ಅಲ್ಲ. ವಾಸನೆ ನೋಡಿದ್ರೆ ಔಷಧಿ ಅಲ್ಲ. ಏನಮ್ಮ ಇದು?"

"ಬ್ಯಾಕ್ಟೀರಿಯಾ."

"ಹಂಗಂದ್ರೆ?"

"ಕಣ್ಣಿಗೆ ಕಾಣದ ಜೀವಿ."

"ಕಾಣದೆ ಇರೋದಕ್ಕೆ ಇಷ್ಟು ದೊಡ್ಡ ಪೆಟ್ಟಿಗೆ ಯಾಕೆ? ಟಾಪಿನ ಮೇಲೆ ಹಾಕಿ."

ಟಾಪಿನ ಮೇಲೆ ಹಾಕಿದರೆ ಒಡೆಯುತ್ತದೆ. ದಾರಿಯುದ್ದಕ್ಕೂ ಅವಳು ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅವಳ ಕೈಚೀಲ, ಕೊಡೆ, ಅತ್ತೆಗೆ ತಂದ ಹಣ್ಣು ನನ್ನ ತೊಡೆಯ ಮೇಲಿದ್ದವು. ಅಂದು ಚಿಂತಾಮಣಿಯಲ್ಲಿ ನಾನು ಹೋಗಬೇಕಿದ್ದ ಸಭೆ ನನ್ನನ್ನು ಬಿಟ್ಟು ಮುಗಿದಿತ್ತು.

ಅತ್ತೆ ಶೀಸೆಗಳನ್ನು ಸಂತೋಷವಾಗಿಯೇ ಒಳಗೆ ಬಿಟ್ಟುಕೊಂಡರು. ಬಿಟ್ಟುಕೊಳ್ಳದೆ ಇದ್ದದ್ದು ನಮ್ಮನ್ನು. ಹುಳು ಮೂರನೇ ಜ್ವರದಿಂದ ಏಳುತ್ತಿತ್ತು. ಪೊರೆ ಬಿಡುವ ಮುಂಚೆ ಹುಳು ಸೊಪ್ಪು ಬಿಟ್ಟು ಮಂಕಾಗಿ ಮಲಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಅಂಥ ಹೊತ್ತಿನಲ್ಲಿ ಊರೂರು ಸುತ್ತಿ ಬಂದವರು ಹುಳು ಮನೆಗೆ ಕಾಲಿಡಬಾರದು. ತಂಗಿ ಬಾಗಿಲಲ್ಲೇ ನಿಂತು, ಯಾವ ನಂಬರಿನ ಶೀಸೆ ಎಲ್ಲಿರಬೇಕೆಂದು ಬೆರಳು ಮಾಡಿ ತೋರಿಸಿದಳು. ಅತ್ತೆ ಒಂದೊಂದನ್ನೇ ಕೂರಿಸಿ ಬಂದರು.

"ಇವನ್ನ ಯಾರೂ ಮುಟ್ಟಬಾರದು ಅತ್ತೆ" ಎಂದಳು ತಂಗಿ.

"ನನ್ನ ಹುಳು ಮನೇಗೆ ಬಂದು ಮುಟ್ಟೋರು ಯಾರಮ್ಮ ಇದಾರೆ? ಹೋಗು, ಊಟ ಮಾಡು."

ಮುಂದಿನ ವಾರಗಳಲ್ಲಿ ನಾನು ಆ ಕಡೆ ಹೋದಾಗೆಲ್ಲ ವಿಚಾರಿಸಿದೆ. ಚೆನ್ನಾಗಿವೆ ಎಂಬ ಉತ್ತರ ಬಾಗಿಲ ಒಳಗಿನಿಂದಲೇ ಬರುತ್ತಿತ್ತು. ಹುಳು ನೂಲು ಬಿಡುವಷ್ಟು ಹಣ್ಣಾಗಿ, ಚಂದ್ರಿಕೆ ಎಂಬ ಬಿದಿರಿನ ಚಾಪೆಗೆ ಹತ್ತಿ ಗೂಡು ಕಟ್ಟಿ, ಗೂಡು ಮಾರುಕಟ್ಟೆಗೆ ಹೋಯಿತು. ಆ ವಾರವೇ ತಂಗಿ ಬಂದು ಶೀಸೆಗಳನ್ನು ಬಾಗಿಲಲ್ಲಿ ಇಸಿದುಕೊಂಡು ಬೆಂಗಳೂರಿಗೆ ಒಯ್ದಳು. ಒಯ್ಯುವಾಗಲೇ ಅವಳ ಮುಖ ಸಣ್ಣದಾಗಿತ್ತು. ಮಬ್ಬಿನಲ್ಲಿದ್ದದ್ದು ಕಡುಗೆಂಪಾಗಬೇಕು, ಬಿಸಿಲಿನಲ್ಲಿದ್ದದ್ದು ತೆಳುವಾಗಬೇಕು. ಪೆಟ್ಟಿಗೆಯಲ್ಲಿದ್ದ ಶೀಸೆಗಳೆಲ್ಲ ಒಂದೇ ಬಟ್ಟೆಯಿಂದ ಹರಿದ ತುಂಡುಗಳ ಹಾಗಿದ್ದವು.

ಕೊಬ್ಬನ್ನು ಬೇರೆ ಮಾಡಿ ನೋಡಲು ಅವಳಿಗೆ ವಾರವಾಯಿತು. ಶೀಸೆಯ ನೀರಿನಿಂದ ಬ್ಯಾಕ್ಟೀರಿಯಾಗಳನ್ನು ತಳಕ್ಕೆ ಇಳಿಸಿ, ಒಣಗಿಸಿ, ಸಮ ತೂಕ ತೆಗೆದುಕೊಂಡು, ಅದರ ಕೊಬ್ಬನ್ನು ಕ್ಲೋರೋಫಾರಂ ಸೇರಿಸಿದ ದ್ರಾವಣದಲ್ಲಿ ಕರಗಿಸುತ್ತಾರೆ. ಆ ಹನಿಯನ್ನು ಪುಡಿ ಬಳಿದ ಗಾಜಿನ ಹಲಗೆಯ ಬುಡಕ್ಕೆ ಇಟ್ಟು, ಹಲಗೆಯನ್ನು ದ್ರಾವಣದ ತೊಟ್ಟಿಯಲ್ಲಿ ನಿಲ್ಲಿಸಿದರೆ, ಒಂದೊಂದು ಬಗೆಯ ಕೊಬ್ಬು ಒಂದೊಂದು ಎತ್ತರಕ್ಕೆ ಏರಿ ನಿಲ್ಲುತ್ತದೆ. ಮೇಲೆ ಔಷಧಿ ಸಿಂಪಡಿಸಿದರೆ ರಂಜಕವಿರುವ ಕೊಬ್ಬು ನೀಲಿ ಚುಕ್ಕೆಯಾಗಿ ಕಾಣುತ್ತದೆ. ಅವಳ ಹಲಗೆಯ ಮೇಲೆ ಎಲ್ಲ ಸಾಲಿನ ಚುಕ್ಕೆಗಳೂ ಒಂದೇ ಸಮ.

ಪ್ರೊಫೆಸರು ಹಲಗೆಯನ್ನು ಬೆಳಕಿಗೆ ಹಿಡಿದು ನೋಡಿ, "ಬೆಳಕಿಂದ ಏನೂ ಆಗಿಲ್ಲವಲ್ಲಮ್ಮ" ಎಂದರಂತೆ. ಅವಳು ಎಲ್ಲೋ ತಪ್ಪಾಗಿದೆ ಎಂದಳು. ತಪ್ಪು ಎಲ್ಲಿ ಎಂದು ಅವರು ಕೇಳಿದರು. ಅವಳಿಗೆ ಗೊತ್ತಿರಲಿಲ್ಲ. ಜೂನ್ ಎಂದು ಹೇಳಿದ್ದೇನಲ್ಲ, ಜೂನ್‌ವರೆಗೆ ನೋಡು ಎಂದು ಅವರು ಎದ್ದು ಹೋದರು.

ಏಪ್ರಿಲ್ ಶುರುವಾಗಿತ್ತು. ಹೊಸ ಶೀಸೆಗಳನ್ನು ತುಂಬಿಕೊಂಡು ಮತ್ತೆ ಬಂದಳು. ಈ ಸಲ ನಾಲ್ಕು ದಿನ ಅತ್ತೆಯ ಮನೆಯಲ್ಲೇ ಉಳಿದಳು. ಅವಳು ಅಲ್ಲಿಗೆ ಬಂದ ಮರುದಿನ ಬೆಳಿಗ್ಗೆ ನಾನೂ ಹೋದೆ. ಹೊಸ ಹುಳು ಎದ್ದಿತ್ತು. ನಾವಿಬ್ಬರೂ ಜಗುಲಿಯ ಮೇಲೆ ಕೂತಿದ್ದೆವು. ಹುಳು ಮನೆಯ ಬಾಗಿಲು ಎದುರಿಗೇ ತೆರೆದಿತ್ತು. ಅತ್ತೆ ಕೈಕಾಲು ತೊಳೆದು ಒಳಗೆ ಹೋದರು. ಮೇಲಿದ್ದ ತಟ್ಟೆಯನ್ನು ಎತ್ತಿ ಕೆಳಗಿಟ್ಟರು, ಕೆಳಗಿದ್ದದ್ದನ್ನು ಮೇಲಕ್ಕೆ ಏರಿಸಿದರು, ಬಾಗಿಲ ಕಡೆಯದನ್ನು ಮೂಲೆಗೆ, ಮೂಲೆಯದನ್ನು ಬಾಗಿಲ ಕಡೆಗೆ. ಇದು ಹುಳು ಸಾಕುವವರು ದಿನವೂ ಮಾಡುವ ಕೆಲಸ. ಮೇಲಿನ ತಟ್ಟೆಗೆ ಶಾಖ ಹೆಚ್ಚು, ಕೆಳಗಿನದಕ್ಕೆ ತಂಪು ಹೆಚ್ಚು. ಸ್ಥಳ ಬದಲಾಯಿಸುತ್ತಿದ್ದರೆ ಹುಳು ಎಲ್ಲ ಒಟ್ಟಿಗೆ ಹಣ್ಣಾಗುತ್ತವೆ. ತಟ್ಟೆಗಳ ಕೆಲಸ ಮುಗಿಸಿ, ಅದೇ ಹದದಲ್ಲಿ, ಅತ್ತೆ ಕಿಟಕಿಯಲ್ಲಿದ್ದ ಎರಡು ಶೀಸೆಗಳನ್ನು ಎತ್ತಿಕೊಂಡು ಗೋಣಿಯ ಮರೆಗೆ ನಡೆದರು.

ತಂಗಿ ಎದ್ದು ನಿಂತಳು.

"ಅತ್ತೆ, ಏನ್ಮಾಡ್ತಿದೀರಾ?"

"ಏನಿಲ್ಲ ಕಣಮ್ಮ, ತಟ್ಟೆ ಬದಲಾಯಿಸ್ತಿದೀನಿ."

"ಕೈಯಲ್ಲಿರೋದು?"

"ಇವನ್ನೂ ಬದಲಾಯಿಸ್ಬೇಡ್ವಾ ಮತ್ತೆ? ಮೂಲೇಲಿರೋದು ಮೂಲೇಲೇ ಕೊಳೀಬೇಕಾ?"

"ಹೋದ ಸಲಾನೂ ಹಿಂಗೇ ಮಾಡಿದ್ರಾ?"

"ಒಂದು ದಿನ ತಪ್ಪಿಸ್ಲಿಲ್ಲ. ನಿನ್ನ ಸಾಮಾನು ಅಂತ ನನ್ನ ಹುಳುಗಿಂತ ಜೋಪಾನವಾಗಿ ನೋಡ್ಕೊಂಡಿದೀನಿ. ಕೊಟ್ಟಾಗ ನೀನು ನೋಡ್ಲಿಲ್ವಾ? ಎಲ್ಲಾನೂ ಒಂದೇ ಬಣ್ಣ ಬಂದಿತ್ತು."

ಆ ಕೊನೆಯ ಮಾತಿನಲ್ಲಿ ಅತ್ತೆಗೆ ಹೆಮ್ಮೆಯಿತ್ತು. ಅದೇ ನನ್ನನ್ನು ಕೆರಳಿಸಿತು. ಯಾರೂ ಮುಟ್ಟಬಾರದು ಎಂದು ಹೇಳಿರಲಿಲ್ಲವೇ ಎಂದು ನಾನು ಕೇಳಿದೆ.

"ಹೇಳಿದ್ಲು ಕಣಪ್ಪ. ಯಾರನ್ನೂ ಮುಟ್ಟಕ್ಕೆ ಬಿಟ್ಟಿಲ್ಲ. ನಿಮ್ಮ ಮಾವನ್ನೂ ಬಿಟ್ಟಿಲ್ಲ. ನಾನೇ ಮುಟ್ಟಿದೀನಿ."

ಎರಡು ತಿಂಗಳ ಕೆಲಸ, ಬಸ್ಸು, ರೈಲು, ಮೇಣ, ಹುಲ್ಲು, ಪ್ರೊಫೆಸರ ಮಾತು ಎಲ್ಲ ಸೇರಿ ಅತ್ತೆಯ ಕೈಯಲ್ಲಿದ್ದ ಎರಡು ಶೀಸೆಗಳಾಗಿ ನಿಂತಿದ್ದವು. ತಂಗಿ ಜಗುಲಿಯ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಅಳಲಿಲ್ಲ. "ತಪ್ಪು ಎಲ್ಲಿ ಅಂತ ಗೊತ್ತಾಯ್ತಲ್ಲ" ಎಂದಳು. ನನಗೆ ಅವಳ ಮೇಲೂ ಸಿಟ್ಟು ಬಂತು.

ಅತ್ತೆಗೆ ವಿಷಯ ತಿಳಿಸುವ ಕೆಲಸ ಅರ್ಧ ದಿನ ಹಿಡಿಯಿತು. ಅವರು ದಡ್ಡರಲ್ಲ. ಒಪ್ಪಲಿಲ್ಲ, ಅಷ್ಟೇ.

"ಒಂದನ್ನ ಕತ್ತಲಲ್ಲಿ ಇಟ್ಟು ಒಂದನ್ನ ಬೆಳಕಲ್ಲಿ ಇಡೋದು ಯಾವ ನ್ಯಾಯ ಅಮ್ಮ? ಎಲ್ಲಾ ಒಂದೇ ನೀರಲ್ಲಿ ಹುಟ್ಟಿದ್ದು ಅಂತೀಯ."

"ಅತ್ತೆ, ಮಳೆ ಜೋರಾಗಿ ಬಂದ್ರೆ ಸೂರಿನ ಕೆಳಗೆ ಒಂದು ಕೊಳಗ ಇಡ್ತೀರಾ. ಹನಿ ಹನಿ ಬಂದ್ರೆ?"

"ಇರೋ ಪಾತ್ರೆ ಎಲ್ಲಾ ಇಡ್ತೀನಿ. ನಮ್ಮೂರಲ್ಲಿ ಯಾವ ಕಾಲಕ್ಕೆ ಜೋರಾಗಿ ಬಂದಿದೆ?"

"ಇದೂ ಹಂಗೇ. ಬೆಳಕು ಹನಿ ಹನಿ ಬಂದ್ರೆ ಒಳಗೆ ಪಾತ್ರೆ ಜಾಸ್ತಿ ಇಟ್ಕೊಳತ್ತೆ. ಆ ಪಾತ್ರೆ ಯಾವುದರಲ್ಲಿ ಮಾಡ್ಕೊಳತ್ತೆ ಅಂತ ನಾನು ನೋಡಬೇಕು. ನೀವು ದಿನಾ ಜಾಗ ಬದಲಾಯಿಸಿದ್ರೆ ಯಾವುದಕ್ಕೂ ಜಾಸ್ತಿ ಪಾತ್ರೆ ಬೇಕಾಗಲ್ಲ."

ಅತ್ತೆ ಸೊಪ್ಪು ಹೆಚ್ಚುವುದನ್ನು ನಿಲ್ಲಿಸಿ ಯೋಚಿಸಿದರು.

"ಅಂದ್ರೆ ಅದು ಕಷ್ಟದಲ್ಲಿ ಹೆಂಗೆ ಬದುಕುತ್ತೆ ಅಂತ ನೀನು ನೋಡಬೇಕು."

"ಹೂಂ."

"ಅದಕ್ಕೋಸ್ಕರ ಕಷ್ಟ ಕೊಡ್ತೀಯ."

ತಂಗಿ ಪೆಟ್ಟಿಗೆಯ ಹುಲ್ಲನ್ನು ಸರಿಮಾಡತೊಡಗಿದಳು.

"ಏಮೋ ಅಮ್ಮ, ನಿಮ್ಮ ಓದೇ ಒಂಥರಾ" ಎಂದು ಅತ್ತೆ ಮತ್ತೆ ಸೊಪ್ಪಿಗೆ ಕೈ ಹಾಕಿದರು. "ಮಾಡ್ಕೋ. ಆದ್ರೆ ಹುಳು ಮನೇಲಿ ಬೇಡ. ಕಣ್ಣೆದುರಿಗಿದ್ರೆ ನನ್ನ ಕೈ ಸುಮ್ನೆ ಇರಲ್ಲ. ರಾಗಿ ಕೋಣೇಲಿ ಇಡು."

ರಾಗಿ ಕೋಣೆ ಮನೆಯ ಮುಂಭಾಗದಲ್ಲಿತ್ತು. ಗೋಡೆ ದಪ್ಪ, ಕಿಟಕಿ ಒಂದೇ, ಶಾಖ ಹೆಚ್ಚು ಏರುಪೇರಾಗದು. ಅತ್ತೆ ಮುಟ್ಟಿದ ಶೀಸೆಗಳನ್ನು ಬಿಟ್ಟು, ತಂಗಿ ಬೆಂಗಳೂರಿಗೆ ಹೋಗಿ, ತನ್ನಲ್ಲಿ ಉಳಿದಿದ್ದ ಬೀಜದಿಂದ ಮೂರನೇ ಸಲ ಶೀಸೆ ತುಂಬಿ ತಂದಳು. ಜೂನ್‌ಗೆ ಮುಂಚೆ ಇನ್ನೊಂದು ಸಲಕ್ಕೆ ಸಮಯವಿರಲಿಲ್ಲ. ಅವಳು ಕಾಲೇಜಿನಲ್ಲಿ ಇರಬೇಕಾಗಿದ್ದರಿಂದ, ಎರಡು ದಿನಕ್ಕೊಮ್ಮೆ ಹೋಗಿ ನೋಡುವ ಕೆಲಸ ನನಗೆ ಬಂತು.

ಮೊದಲ ಸಲ ನಾನು ಹೋದಾಗ ಕೋಣೆಯ ಒಳಗೆ ಕಿಟಕಿಗೆ ಮಾವನ ಸೈಕಲ್ ಒರಗಿತ್ತು. ಬಿಸಿಲಿನ ಶೀಸೆಗಳ ಮೇಲೆ ಸೀಟಿನ ನೆರಳು ಬಿದ್ದಿತ್ತು. ಸೈಕಲ್ ತೆಗೆಯಿರಿ ಎಂದೆ. "ಹೊರಗೆ ನಿಲ್ಲಿಸಿದ್ರೆ ಟೈರು ಒಣಗುತ್ತಪ್ಪ" ಎಂದರು ಮಾವ. ಟೈರು ಒಣಗುವುದಕ್ಕೂ ಒಬ್ಬಳ ಸಂಶೋಧನೆಗೂ ಇರುವ ವ್ಯತ್ಯಾಸವನ್ನು ನಾನು ಸಮಾಧಾನವಾಗಿಯೇ ವಿವರಿಸಿದೆ. ಅವರೂ ಸಮಾಧಾನವಾಗಿಯೇ ಕೇಳಿ, ಸೈಕಲ್ಲನ್ನು ಅತ್ತ ಇಟ್ಟರು. ಮುಂದಿನ ಸಲ ಹೋದಾಗ ಕಿಟಕಿಯ ಸರಳಿಗೆ ಸೀರೆ ಒಣಹಾಕಿದ್ದರು. ಅದರ ಮುಂದಿನ ಸಲ ಪಕ್ಕದ ಮನೆಯಾಕೆ ಮೆಣಸಿನಕಾಯಿ ತುಂಬಿದ ಮೊರವನ್ನು ಕಿಟಕಿಗೆ ಒರಗಿಸಿದ್ದರು. ಒಳಗೆ ಏನಿದೆ ಎಂದು ಆಕೆ ಕೇಳಿದರು. ಹೇಳಿದೆ. "ನಮ್ಮನೆ ಮೆಣಸಿನಕಾಯಿ ಘಾಟಿಗೆ ಸಾಯಲ್ವಾ ಅವು?" ಎಂದು ಗಾಬರಿಯಾಗಿ ಮೊರ ಎತ್ತಿಕೊಂಡು ಹೋದರು. ಆ ಊರಿನಲ್ಲಿ ಆ ಶೀಸೆಗಳಿಗೆ ಕೆಟ್ಟದ್ದು ಬಯಸಿದವರು ಒಬ್ಬರೂ ಇರಲಿಲ್ಲ. ಅದೇ ಕಷ್ಟವಾಗಿತ್ತು. ಕೆಟ್ಟವರ ವಿರುದ್ಧವಾದರೆ ಪತ್ರಿಕೆಗೆ ಬರೆಯಬಹುದು.

ಅತ್ತೆ ಮಾತ್ರ ರಾಗಿ ಕೋಣೆಗೆ ಹೋಗುವುದನ್ನೇ ಬಿಟ್ಟಿದ್ದರು. ರಾಗಿ ಬೇಕಾದರೆ ಮಾವನನ್ನು ಕಳಿಸುತ್ತಿದ್ದರು. ಒಂದು ದಿನ ನಾನು ಹೊರಡುವಾಗ, ನನ್ನನ್ನು ನೋಡದೆ, "ಮೂಲೇಲಿರೋದು ಹೆಂಗಿವೆ?" ಎಂದು ಕೇಳಿದರು.

"ಕಪ್ಪಾಗ್ತಿವೆ ಅತ್ತೆ. ಕಡುಗೆಂಪು."

"ಸತ್ತಿಲ್ಲ ತಾನೆ?"

"ಇಲ್ಲ."

"ಹೂಂ" ಎಂದು ಒಳಗೆ ಹೋದರು.

ಮೇ ಕೊನೆಗೆ ತಂಗಿ ಬಂದು ಶೀಸೆಗಳನ್ನು ತೆಗೆದುಕೊಂಡು ಹೋದಳು. ಮೂಲೆಯಲ್ಲಿದ್ದವು ಬೀಟ್‌ರೂಟ್ ಬೇಯಿಸಿದ ನೀರಿನಂತೆ ಕಪ್ಪು ಕೆಂಪಾಗಿದ್ದವು, ಕಿಟಕಿಯವು ತೆಳು ಗುಲಾಬಿ, ನಡುವಿನವು ನಡುವೆ. ನಡುವಿನ ಒಂದು ಶೀಸೆಯ ಮೇಣ ಬಿರುಕು ಬಿಟ್ಟು ಗಾಳಿ ಹೊಕ್ಕು ಕೆಟ್ಟಿತ್ತು. ಬಸ್ಸಿನಲ್ಲಿ ಅದೇ ಹಳೆಯ ಕಂಡಕ್ಟರು ಸಿಕ್ಕಿದರು. ಪೆಟ್ಟಿಗೆ ತೆಗೆಸಲಿಲ್ಲ. "ಇನ್ನೂ ಕಾಣ್ಲಿಲ್ವಾಮ್ಮ ಅವು?" ಎಂದಷ್ಟೇ ಕೇಳಿದರು.

ಶಾಲೆಗಳು ತೆರೆಯುವುದಕ್ಕೆ ಒಂದು ವಾರವಿತ್ತು. ಗೌರಿಬಿದನೂರಿನಿಂದ ತಂದೆ ಯಾರ ಕೈಯಲ್ಲೋ ಹೇಳಿಕಳಿಸಿದ್ದರು; ಸೋಮವಾರದೊಳಗೆ ಹೌದೋ ಅಲ್ಲವೋ ತಿಳಿಸಬೇಕಂತೆ. ಭಾನುವಾರ ಬೆಳಿಗ್ಗೆ ತಂಗಿ ರೈಲಿಗೆ ಬರುತ್ತೇನೆ ಎಂದಿದ್ದಳು. ನಾನು ಚಿಕ್ಕಬಳ್ಳಾಪುರದ ಸ್ಟೇಷನ್ನಿನಲ್ಲಿ ನಿಂತಿದ್ದೆ. ಅವಳು ಇಳಿದ ಕೂಡಲೇ ಕೇಳಿದೆ.

"ಜಾಗ ಉಳೀತಾ ಇಲ್ವಾ?"

"ಹಲಗೆ ಮೇಲೆ ನೀಲಿ ಚುಕ್ಕೆ ಬೇರೆ ಬೇರೆ ಬಂತು ಅಣ್ಣ. ಸಮ ತೂಕ ಹಾಕಿದ್ರೂ ಕತ್ತಲಲ್ಲಿದ್ದದ್ದರ ಚುಕ್ಕೆ ದೊಡ್ಡದು, ಗಾಢ. ಮೇಲುಗಡೆ ಇನ್ನೊಂದು ಚುಕ್ಕೆ ಇದೆ, ಅದು ನೀಲಿ ಆಗಲ್ಲ. ರಂಜಕ ಇಲ್ಲದ ಕೊಬ್ಬು. ಅದು ಬಿಸಿಲಲ್ಲಿದ್ದದ್ದರಲ್ಲಿ ಸ್ವಲ್ಪ ಜಾಸ್ತಿ ಅನ್ಸುತ್ತೆ. ಅನ್ಸುತ್ತೆ ಅಷ್ಟೇ, ಇನ್ನೂ ಹೇಳಕ್ಕಾಗಲ್ಲ."

"ನಾನು ಕೇಳಿದ್ದು ಜಾಗ."

"ಅದನ್ನೇ ಹೇಳ್ತಿದೀನಿ. ನಡುವಿನ ಶೀಸೆ ಒಂದೇ ಉಳಿದಿದ್ದರಿಂದ ಅದನ್ನ ನಂಬಕ್ಕಾಗಲ್ಲ. ಆ ಎರಡರ ಮಧ್ಯೆ ಮೂರನೇ ಚುಕ್ಕೆ ಬೇರೆ ಒಂದಿದೆ, ಅದು ಏನು ಅಂತಾನೇ ಗೊತ್ತಿಲ್ಲ."

ಸುದ್ದಿಯ ಮೊದಲ ಸಾಲಿನಲ್ಲಿ ಇರಬೇಕಾದ್ದನ್ನು ಕೊನೆಯ ಸಾಲಿಗೆ ತಳ್ಳುವವರನ್ನು ನಾನು ಜೀವನವಿಡೀ ನೋಡಿದ್ದೇನೆ. ಯಾರೂ ನನ್ನ ತಂಗಿಯಷ್ಟು ದೂರ ತಳ್ಳಿಲ್ಲ. ಗೇಟಿನ ಹತ್ತಿರ ಬರುವವರೆಗೆ ಅವಳು ಮೂರನೆಯ ಚುಕ್ಕೆಯ ವಿಷಯವನ್ನೇ ಹೇಳುತ್ತಿದ್ದಳು. ನಾನು ಅವಳ ಚೀಲವನ್ನು ಕೆಳಗಿಟ್ಟು ನಿಂತೆ.

"ಪ್ರೊಫೆಸರು ಏನಂದ್ರು, ಅದೊಂದು ಹೇಳು."

"ಮತ್ತೆ ಮಾಡು ಅಂದ್ರು."

"ಮತ್ತೆ ಅಂದ್ರೆ?"

"ಮೊದಲಿಂದ. ಚಳಿಗಾಲದ ಬೆಳಕಲ್ಲಿ ಒಂದು ಸಲ, ಬೇಸಿಗೆ ಬೆಳಕಲ್ಲಿ ಇನ್ನೊಂದು ಸಲ. ಇನ್ನೂ ಜಾಸ್ತಿ ಶೀಸೆ ಇಡು ಅಂದ್ರು. ಮೂರನೇ ಚುಕ್ಕೆ ಏನು ಅಂತ ತಿಳ್ಕೊಂಡು ಬಂದು ಆಮೇಲೆ ಮಾತಾಡು ಅಂದ್ರು."

"ಹೊಗಳಲಿಲ್ವಾ?"

"ಇಲ್ಲ."

"ಜಾಗದ ಬಗ್ಗೆ ಒಂದು ಮಾತೂ ಇಲ್ಲ?"

"ಮತ್ತೆ ಮಾಡು ಅನ್ನಬೇಕಾದ್ರೆ ಮೇಜು ಬಿಡಿಸ್ಕೊಂಡು ಮಾಡು ಅಂತಾರಾ ಅಣ್ಣ?"

ನಾನು ಅದನ್ನು ಎರಡು ಸಲ ತಿರುಗಿಸಿ ನೋಡಿದೆ. ಇದು ದೃಢಪಟ್ಟ ಸುದ್ದಿಯಲ್ಲ, ಊಹೆ ಎಂದು ಹೇಳಿದೆ. ಹೊಸದಾಗಿ ಬಂದವರಿಗೆ ಬಾಗಿಲ ಪಕ್ಕದ ಮೇಜು ಕೊಟ್ಟಾಯಿತು, ತನ್ನ ಮೇಜಿನ ಮೇಲೆ ತನ್ನ ಶೀಸೆಗಳು ಇನ್ನೂ ಇವೆ, ಅದನ್ನು ಕಣ್ಣಾರೆ ನೋಡಿ ಬಂದಿದ್ದೇನೆ ಎಂದಳು. ಅಷ್ಟು ಸಾಕು. ಅದನ್ನು ಮೊದಲೇ ಹೇಳಿದ್ದರೆ ಇಬ್ಬರೂ ಬೇಗ ಕಾಫಿಗೆ ಹೋಗಬಹುದಿತ್ತು.

ಕಾಫಿಗೆ ಅವಳು ಬರಲಿಲ್ಲ. ಗೌರಿಬಿದನೂರಿನ ಬಸ್ಸು ಹೊರಡುವ ಹೊತ್ತಾಗಿತ್ತು. ತಂದೆಗೆ ನಾನು ಹೇಳಲೇ ಎಂದು ಕೇಳಿದೆ.

"ಬೇಡ. ಮನೇಲಿ ನಾನೇ ಹೇಳ್ತೀನಿ. ಹೆಡ್‌ಮಿಸ್ಟ್ರೆಸ್ ಮನೆಗೂ ನಾನೇ ಹೋಗಿ, ಕಾಯಬೇಡಿ, ಬೇರೆಯವರನ್ನ ತಗೊಳ್ಳಿ ಅಂತ ಹೇಳಿ ಬರ್ತೀನಿ."

"ಒಂದು ವರ್ಷ ಕೆಲಸ ಮಾಡಿ ಆಮೇಲೆ ನೋಡು ಅಂತಾರೆ ಅಪ್ಪ."

"ಅಂತಾರೆ."

ಬಸ್ಸಿನ ಮುಂದಿನ ಸಾಲಿನಲ್ಲಿ ಜಾಗವಿತ್ತು. ಅವಳು ಹತ್ತಿ ಕೂತು, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, ನಾನು ಕಿಟಕಿಯ ಹತ್ತಿರ ಹೋದಾಗ ಮೂರನೆಯ ಚುಕ್ಕೆಯ ಬಗ್ಗೆ ಮತ್ತೆ ಏನೋ ಹೇಳತೊಡಗಿದಳು. ಡ್ರೈವರು ಎಂಜಿನ್ ಶುರು ಮಾಡಿದ್ದರಿಂದ ನನಗೆ ಕೇಳಿಸಲಿಲ್ಲ. ಬಸ್ಸು ಹೊರಟ ಮೇಲೂ ಅವಳ ತುಟಿ ಅಲ್ಲಾಡುತ್ತಲೇ ಇತ್ತು.